ಶಾಲೆಗೆ ಮುಂಚಿನ ಮಕ್ಕಳಿಗಾಗಿ ಊರವರು ಏನು ಮಾಡಬಹುದು?

ಪ್ರಶ್ನೆ (ತಿಕೋಟಾ, ವಿಜಯಪುರ ಜಿಲ್ಲೆ):
ನಮ್ಮೂರಿನ ಅನೇಕ ತಾಯಂದಿರು ಬೆಳಗಾಗುತ್ತಲೇ ದ್ರಾಕ್ಷಿ ತೋಟದ ಕೂಲಿಗೆ ಹೋಗುವುದರಿಂದ ಚಿಕ್ಕ ಮಕ್ಕಳು ಅಕ್ಕಂದಿರ ಕಂಕುಳಲ್ಲೇ ಬೆಳೆಯುತ್ತಿದ್ದಾರೆ. ಆ ಅಕ್ಕಂದಿರ ಶಾಲೆಯೂ ತಪ್ಪುತ್ತಿದೆ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರರಿಂದ ಆರು ವರ್ಷದವರಿಗೆ ಇದೆ. ಅದಕ್ಕೂ ಚಿಕ್ಕವರಿಗಾಗಿ ನಾವು ಏನು ಮಾಡಬಹುದೆಂದು ತಿಳಿದವರು ದಯವಿಟ್ಟು ಹೇಳಿರಿ.

ಉತ್ತರ (ಜಮಖಂಡಿ):
ಮೊದಲು ಗ್ರಾಮ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ಯ ಬಗ್ಗೆ ವಿಚಾರಿಸಿರಿ. 2023–24ರ ರಾಜ್ಯ ಬಜೆಟ್ಟಿನಲ್ಲಿ 4,000 ಪಂಚಾಯಿತಿಗಳಿಗೆ ಘೋಷಿಸಲಾದ ಈ ಶಿಶುಪಾಲನಾ ಕೇಂದ್ರಗಳು ದುಡಿಯುವ ತಾಯಂದಿರಿಗಾಗಿಯೇ ಇವೆ. ನಿಮ್ಮಲ್ಲಿ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ತಾಯಂದಿರೇ ಎದ್ದು ನಿಂತು ಕೇಳಲಿ.

ಉತ್ತರ (ಅಂಗನವಾಡಿ ಕಾರ್ಯಕರ್ತೆ, ಗೋಕಾಕ):
ಕಟ್ಟಡವೊಂದೇ ಸಾಲದು ಸರ್. ಮಿದುಳಿನ ಬೆಳವಣಿಗೆಯ ಬಹುಪಾಲು ಮೊದಲ ಕೆಲವು ವರ್ಷಗಳಲ್ಲೇ ಆಗುವುದರಿಂದ ಮಗುವಿಗೆ ಊಟದಷ್ಟೇ ಮಾತೂ ಬೇಕು. ಅಜ್ಜಿಯಂದಿರು ಸರದಿಯಂತೆ ಬಂದು ಜೋಗುಳ ಹಾಡಿ, ಕಾಗಕ್ಕ-ಗುಬ್ಬಕ್ಕನ ಕತೆ ಹೇಳಿ, ಮಗುವಿನ ತೊದಲು ಮಾತಿಗೂ ಮರುಮಾತಾಡಿದರೆ ಅದಕ್ಕಿಂತ ದೊಡ್ಡ ಪಾಠ ಆ ವಯಸ್ಸಿಗೆ ಇಲ್ಲವೆಂದೇ ನನ್ನ ನಂಬಿಕೆ. ಪ್ರತಿ ತಿಂಗಳು ತೂಕ ನೋಡಿಸುವುದನ್ನು ಮಾತ್ರ ತಪ್ಪಿಸಬೇಡಿರಿ.

ತಿಕೋಟಾ:
ಧನ್ಯವಾದಗಳು ಅಕ್ಕಾವ್ರೇ. ಎರಡೂವರೆ ವರ್ಷವಾದರೂ ಮಾತು ಬಾರದ ಮಗುವೊಂದಿದೆ, ಕಾಯಬಹುದೇ?

ಗೋಕಾಕ:
ಕಾಯಬೇಡಿರಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ಬರುತ್ತದೆ. ಅದಕ್ಕೂ ಮೊದಲೇ ಆಶಾ ಕಾರ್ಯಕರ್ತೆಯೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಕಿವಿ ಪರೀಕ್ಷಿಸಲು ಕೇಳಿರಿ.