ದೊಡ್ಡಪ್ಪ ಹಾಕಿದ ಸೋಡಾ ಮೆಸೇಜು

ಗುಂಪು: ಹೊಂಡದ ಸರ್ಕಲ್ ಮನೆ, ದಾವಣಗೆರೆ

ದೊಡ್ಡಪ್ಪ (ಫಾರ್ವರ್ಡ್): ಜೀವಕೋಶದಲ್ಲಿ ಆ್ಯಸಿಡ್ ಏರಿದರೆ ನರ ಸುಟ್ಟುಹೋಗುತ್ತದೆ. ಕೈಕಾಲು ಜುಮ್ ಅನ್ನಲು ಇದೇ ಕಾರಣ. ಖಾಲಿ ಹೊಟ್ಟೆಗೆ ಒಂದು ಚಮಚ ಅಡುಗೆ ಸೋಡಾ ನೀರಲ್ಲಿ ಕದಡಿ ಕುಡಿಯಿರಿ. ನಿಮ್ಮವರಿಗೆಲ್ಲ ಕಳಿಸಿ.

ದೊಡ್ಡಪ್ಪ: ಸೋಮವಾರದಿಂದ ಕುಡಿಯುತ್ತಿದ್ದೇನೆ. ಪಾದ ಜುಮ್ ಅನ್ನುವುದು ಸ್ವಲ್ಪ ಕಡಿಮೆ ಆದ ಹಾಗಿದೆ.

ಶೋಭಕ್ಕ: ಹೌದಾ? ಹಾಗಾದರೆ ನಮ್ಮ ಮನೆಯವರಿಗೂ ಕೊಟ್ಟು ನೋಡುತ್ತೇನೆ.

ಪವಿತ್ರ: ದೊಡ್ಡಪ್ಪ, ನಾಳೆಯಿಂದ ಅದನ್ನು ಕುಡಿಯಬೇಡಿ, ಕೈಮುಗಿಯುತ್ತೇನೆ. ಶೋಭಕ್ಕ, ಭಾವನಿಗೂ ಕೊಡಬೇಡ. ಲ್ಯಾಬ್ ಮುಗಿಸಿ ಬಂದು ಪೂರ್ತಿ ಬರೆಯುತ್ತೇನೆ.

ಮಂಜಣ್ಣ: ಅದರಲ್ಲಿ ತಪ್ಪೇನಿದೆ ಪವಿ? ಬ್ಯಾಟರಿ ಅಂಗಡಿಯಲ್ಲಿ ಇಷ್ಟು ವರ್ಷ ಕೂತಿದ್ದೇನೆ, ಆ್ಯಸಿಡ್ ಕೈಗೆ ತಾಗಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ನರ ಅದನ್ನು ತಡೆದುಕೊಳ್ಳುತ್ತಾ?

ಪವಿತ್ರ: ಮಂಜಣ್ಣ, ಮೆಸೇಜಿನಲ್ಲಿ ಕಾಲುಭಾಗ ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ. ಪಿಎಚ್ ಅಂದರೆ ಆ್ಯಸಿಡ್ ಅಳೆಯುವ ಅಂಕಿ, ಅದು ಇಳಿದಷ್ಟೂ ಆ್ಯಸಿಡ್ ಜಾಸ್ತಿ. ರಕ್ತದ ಪಿಎಚ್ 7.35ರಿಂದ 7.45ರ ಒಳಗೆ ಇರಬೇಕು. ನರಕೋಶದ ಒಳಗೆ ಅದಕ್ಕಿಂತ ಸ್ವಲ್ಪ ಕಡಿಮೆ. ಸಣ್ಣ ಅಂಕಿ ಅನಿಸುತ್ತದೆ, ಆದರೆ ಪಿಎಚ್ ಬರೀ 0.3 ಇಳಿದರೂ ಆ್ಯಸಿಡ್ ಕಣಗಳು ಎರಡರಷ್ಟು ಆಗುತ್ತವೆ. ಆಗ ನರ ಸುಡುವುದಿಲ್ಲ, ಮಂಕಾಗುತ್ತದೆ. ನರದ ಪೊರೆಯಲ್ಲಿ ಸೋಡಿಯಂ ನುಗ್ಗುವ ಬಾಗಿಲುಗಳಿವೆ, ಅದು ನುಗ್ಗಿದರೇನೇ ಸಂದೇಶ ಮುಂದಕ್ಕೆ ಹೋಗುವುದು. ಆ್ಯಸಿಡ್ ಕಣ ಆ ಬಾಗಿಲಲ್ಲೇ ಅಡ್ಡ ಕೂತು ಹರಿವು ತಗ್ಗಿಸುತ್ತದೆ. ಮೆದುಳಿನಲ್ಲಿ ಎನ್‌ಎಂಡಿಎ ಅಂತ ಇನ್ನೊಂದು ಬಾಗಿಲಿದೆ, ಅದಂತೂ ಆ್ಯಸಿಡ್ ಚೂರು ಏರಿದರೂ ಸಾಕು, ಮುಚ್ಚಿಕೊಳ್ಳಲು ಶುರು ಮಾಡುತ್ತದೆ.

ಪವಿತ್ರ: ನೋವು ಮುಟ್ಟಿಸುವ ನರದಲ್ಲಿ ಮಾತ್ರ ಕಥೆ ಉಲ್ಟಾ. ಅಲ್ಲಿ ಆ್ಯಸಿಡ್ ತಾಗಿದರೆ ತೆರೆಯುವ ಬಾಗಿಲುಗಳಿವೆ. ಗಾಯಕ್ಕೆ ನಿಂಬೆರಸ ಬಿದ್ದರೆ ಉರಿಯುವುದು ಅದಕ್ಕೇ. ನಿನ್ನ ಕೈ ಉರಿ ಈ ಲೆಕ್ಕದ್ದು.

ಮಂಜಣ್ಣ: ಸರಿ. ಮಂಕಾಗುವುದೂ ಕೆಟ್ಟದ್ದೇ ತಾನೇ? ಹಾಗಾದರೆ ಆ್ಯಸಿಡ್ ಕಮ್ಮಿ ಮಾಡಿದರೆ ಒಳ್ಳೆಯದಲ್ವಾ?

ಪವಿತ್ರ: ಇಲ್ಲ. ನಮ್ಮ ಕಾವ್ಯಳ ಪಿಯುಸಿ ರಿಸಲ್ಟ್ ದಿನ ನೆನಪು ಮಾಡಿಕೋ. ಕಟ್ಟೆ ಮೇಲೆ ಕೂತು ಅಳುತ್ತಾ ಬುಸುಬುಸು ಉಸಿರು ಬಿಡುತ್ತಿದ್ದಳು. ಮೊದಲು ತುಟಿ ಸುತ್ತ ಜುಮ್ ಅಂತಿದೆ ಅಂದಳು, ಆಮೇಲೆ ಬೆರಳತುದಿ. ಹೆಬ್ಬೆರಳು ಅಂಗೈ ಒಳಗೆ ಮಡಚಿಕೊಂಡಿತು, ಉಳಿದ ನಾಲ್ಕು ಬೆರಳು ಕಡ್ಡಿಯ ಹಾಗೆ ಸೆಟೆದು ಒಂದಕ್ಕೊಂದು ಅಂಟಿಕೊಂಡವು, ದೊಡ್ಡಮ್ಮ ಬಿಡಿಸಲು ಹೋದರೆ ಬರಲೇ ಇಲ್ಲ. ದೃಷ್ಟಿಯಾಗಿದೆ ಅಂತ ಅಜ್ಜಿ ಮೆಣಸಿನಕಾಯಿ ನಿವಾಳಿಸಿದರು. ಆದದ್ದು ಇಷ್ಟೇ. ಜೋರು ಉಸಿರಿಗೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಯಿತು, ರಕ್ತದಲ್ಲಿ ಆ್ಯಸಿಡ್ ಕಮ್ಮಿಯಾಯಿತು. ಹಾಗಾದಾಗ ರಕ್ತದ ಅಲ್ಬುಮಿನ್ ಅನ್ನುವ ಪ್ರೋಟೀನು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಇಳಿದರೆ ನರಕ್ಕೆ ಲಗಾಮು ಇಲ್ಲದ ಹಾಗೆ, ಯಾರೂ ಕರೆಯದಿದ್ದರೂ ತಾನೇ ಸಂದೇಶ ಬಿಡುತ್ತದೆ. ಅಂದರೆ ಅವತ್ತು ಜುಮ್ ಅಂದದ್ದು ಆ್ಯಸಿಡ್ ಕಮ್ಮಿ ಆಗಿದ್ದಕ್ಕೆ! ದಿಟ್ಟಿಸಿ ನೋಡುತ್ತಾ ಮೈಮರೆಯುವ ಫಿಟ್ಸ್ ಇರುವ ಮಕ್ಕಳಿಗೆ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಯ ಪರೀಕ್ಷೆ, ಮಾಡುವಾಗ 3 ನಿಮಿಷ ಜೋರಾಗಿ ಉಸಿರಾಡಿಸುತ್ತಾರಲ್ಲ, ಅಲ್ಲೂ ಹೀಗೇ ಆ್ಯಸಿಡ್ ಇಳಿಸಿ ನೋಡುವುದು.

ದೊಡ್ಡಪ್ಪ: ಎಲ್ಲ ಸರಿ ಮಗಳೇ. ಆದರೆ ನನಗೆ ಕಮ್ಮಿಯಾಗಿದೆ ಅಂತ ಹೇಳಿದೆನಲ್ಲ, ಅದು ಸುಳ್ಳಾ?

ಪವಿತ್ರ: ನೀವು ಸುಳ್ಳು ಹೇಳುವವರಲ್ಲ ದೊಡ್ಡಪ್ಪ. ಜುಮ್ ಅನ್ನುವುದು ಒಂದು ದಿನ ಜಾಸ್ತಿ, ಒಂದು ದಿನ ಕಮ್ಮಿ ಇರುತ್ತದೆ. ಕುಡಿದ ಸೋಡಾ ಹೊಟ್ಟೆಯ ಆ್ಯಸಿಡ್ ಜೊತೆ ಸೇರಿ ಗ್ಯಾಸ್ ಆಗುತ್ತದೆ, ತೇಗು ಬರುತ್ತದೆ. ರಕ್ತಕ್ಕೆ ಸೇರಿದ್ದನ್ನು ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಹುಳಿ ಬಂದ ಹಿಟ್ಟಿನ ದೋಸೆ ದಿನಾ ತಿಂದರೂ ರಕ್ತದ ಪಿಎಚ್ ಅಲುಗುವುದಿಲ್ಲ, ಉಸಿರು ಮತ್ತು ಕಿಡ್ನಿ ಅದನ್ನು ಕಾಯುತ್ತವೆ. ಆದರೆ ಒಂದು ಚಮಚ ಸೋಡಾದಲ್ಲಿ 1 ಗ್ರಾಂಗಿಂತ ಜಾಸ್ತಿ ಸೋಡಿಯಂ ಇದೆ, ಉಪ್ಪಿನಲ್ಲಿರುವುದೂ ಅದೇ. ದಿನಕ್ಕೆ ಎಲ್ಲಾ ಸೇರಿ 2 ಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀವು ಬಿಪಿ ಗುಳಿಗೆ ನುಂಗುವವರು. ಉಪ್ಪಿನಕಾಯಿ ಬಿಟ್ಟು ಇದನ್ನು ಕುಡಿದರೆ ಏನು ಬಂತು?

ದೊಡ್ಡಮ್ಮ: ಪವಿ, ನಾನು ಒಂದು ಹೇಳಬೇಕಿತ್ತು. ಮೊನ್ನೆ ಸಂತೆಯಿಂದ ಬರುವಾಗ ಇವರ ಎಡಗಾಲ ಚಪ್ಪಲಿ ಕಳಚಿ ಹಿಂದೆ ಬಿದ್ದಿತ್ತು. ಇವರಿಗೆ ಗೊತ್ತೇ ಆಗಲಿಲ್ಲ, ಹತ್ತು ಹೆಜ್ಜೆ ಬರಿಗಾಲಲ್ಲೇ ಬಂದರು. ಹಿಂದೆ ಬರುತ್ತಿದ್ದ ಹುಡುಗ ಎತ್ತಿಕೊಟ್ಟ.

ಪವಿತ್ರ: ದೊಡ್ಡಮ್ಮ, ಇದನ್ನು ಯಾಕೆ ಮೊದಲೇ ಹೇಳಲಿಲ್ಲ? ಇದು ಶುಗರ್‌ನಿಂದ ಪಾದದ ನರ ಸೋತಿರುವ ಲಕ್ಷಣ ಇರಬಹುದು. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಗುಳಿಗೆ ವರ್ಷಗಟ್ಟಲೆ ತಗೊಂಡವರಿಗೆ ಬಿ12 ವಿಟಮಿನ್ ಕಮ್ಮಿಯಾಗಿಯೂ ಹೀಗಾಗುತ್ತದೆ, ಅದಕ್ಕೆ ಮದ್ದಿದೆ. ಎರಡಕ್ಕೂ ರಕ್ತ ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ದಿನಾ ರಾತ್ರಿ ಪಾದದ ಅಡಿ ನೋಡಿ, ಗಾಯ, ಗುಳ್ಳೆ ಇದೆಯಾ ಅಂತ. ಬರಿಗಾಲಲ್ಲಿ ಅಂಗಳಕ್ಕೂ ಇಳಿಯುವುದು ಬೇಡ.

ಮಂಜಣ್ಣ: ಶನಿವಾರ ಅಂಗಡಿ ಮಧ್ಯಾಹ್ನ ತೆಗೆಯುತ್ತೇನೆ. ಬೆಳಿಗ್ಗೆ ನಾನೇ ಕರೆದುಕೊಂಡು ಹೋಗುತ್ತೇನೆ. ದೊಡ್ಡಪ್ಪ, ಗುಳಿಗೆ ಚೀಟಿ ಎಲ್ಲ ಒಂದು ಚೀಲಕ್ಕೆ ಹಾಕಿಡಿ.

ದೊಡ್ಡಪ್ಪ: ಆಯಿತು. ಆದರೆ ಇದನ್ನು ಕಳಿಸಿದ್ದು ನನ್ನ ವಾಕಿಂಗ್ ಗೆಳೆಯ. ಅವನೂ ಕುಡಿಯುತ್ತಿದ್ದಾನೆ, ಅವನಿಗೂ ಬಿಪಿ. ಪಿಎಚ್ ಅಂದರೆ ಅವನಿಗೆ ಅರ್ಥವಾಗುವುದಿಲ್ಲ. ಏನು ಹೇಳಲಿ?

ಕಾವ್ಯ: ನನ್ನ ಕೈ ಸೆಟೆದ ಕಥೆ ಹೇಳಿ ದೊಡ್ಡಪ್ಪ. ಹೆಸರು ಹೇಳಿದರೂ ನನಗೆ ಬೇಜಾರಿಲ್ಲ.