ಕಾಂಗೋದಲ್ಲಿ ಎಲ್ಲ ಇದ್ದೂ ಬಡತನ ಯಾಕೆ? ಬೆಲ್ಜಿಯಂ ಹೋಗಿ 60 ವರ್ಷ ದಾಟಿತಲ್ಲ?

ನೀಲಿಬಸ್ಸು:
ನನ್ನ ತಮ್ಮ ಎರಡು ವರ್ಷದಿಂದ ಕಿನ್ಶಾಸಾದಲ್ಲಿ ಕೆಲಸಕ್ಕಿದ್ದಾನೆ. ಫೋನ್ ಮಾಡಿದಾಗಲೆಲ್ಲ ಅದೇ ಮಾತು. ಕೋಬಾಲ್ಟ್ ಇದೆ, ತಾಮ್ರ ಇದೆ, ವಜ್ರ ಇದೆ, ಅಷ್ಟು ದೊಡ್ಡ ನದಿ ಇದೆ, ದೇಶ ಮಾತ್ರ ಮೇಲೇಳುತ್ತಿಲ್ಲ. ಬೆಲ್ಜಿಯಂನವರು ಹಾಳು ಮಾಡಿದ್ದು ಕಣೋ ಅಂದೆ. "ಅವರು 1960ರಲ್ಲೇ ಹೋದರು, ಇನ್ನೂ ಎಷ್ಟು ದಿನ ಅವರನ್ನೇ ಬೈಯೋದು?" ಅಂದ. ನನ್ನ ಬಾಯಿ ಕಟ್ಟಿತು. ಬರ್ಲಿನ್ನಿನಲ್ಲಿ ಕೂತು ಆಫ್ರಿಕಾ ಹಂಚಿಕೊಂಡರು ಅನ್ನೋದು ಬಿಟ್ಟರೆ ನನಗೆ ಏನೂ ಗೊತ್ತಿಲ್ಲ. ತಿಳಿದವರು ಹೇಳಿ.

ಹಳೇನಕ್ಷೆ:
ಮೊದಲು ಬರ್ಲಿನ್ ವಿಷಯ. 1884ರ ನವೆಂಬರಿನಿಂದ 1885ರ ಫೆಬ್ರವರಿವರೆಗೆ 14 ದೇಶಗಳು ಕೂತಿದ್ದು ನಿಜ, ಆಫ್ರಿಕಾದವರು ಒಬ್ಬರೂ ಇರಲಿಲ್ಲ ಅನ್ನೋದೂ ನಿಜ. ಆದರೆ ನಕ್ಷೆಯ ಮೇಲಿನ ಗೆರೆಗಳಲ್ಲಿ ಹೆಚ್ಚಿನವು ಆಮೇಲೆ ಇಬ್ಬಿಬ್ಬರು ಸೇರಿ ಮಾಡಿಕೊಂಡ ಒಪ್ಪಂದಗಳಲ್ಲಿ ಬಂದವು.

ಕಾಂಗೋ ಕತೆಯೇ ಬೇರೆ. 1885ರಲ್ಲಿ ಅದು ಬೆಲ್ಜಿಯಂ ದೇಶಕ್ಕಲ್ಲ, ಎರಡನೇ ಲಿಯೋಪೋಲ್ಡ್ ಅನ್ನೋ ರಾಜನ ಕೈಗೆ ಹೋಯಿತು. ಅವನ ದೇಶಕ್ಕಿಂತ 70 ಪಟ್ಟು ಮಿಕ್ಕ ಜಾಗ, ಅವನೊಬ್ಬನ ಎಸ್ಟೇಟು! ಒಂದು ದಿನವೂ ಅಲ್ಲಿಗೆ ಕಾಲಿಡಲಿಲ್ಲ ಪುಣ್ಯಾತ್ಮ. ಆ ಹೊತ್ತಿಗೆ ಸರಿಯಾಗಿ ಗಾಳಿ ತುಂಬುವ ಟಯರ್ ಬಂತು, ರಬ್ಬರಿಗೆ ಬೆಲೆ ಏರಿತು. ಅಲ್ಲಿ ರಬ್ಬರ್ ಅಂದರೆ ನಮ್ಮ ಕಡೆಯ ತೋಟದ ಮರ ಅಲ್ಲ, ಕಾಡಿನ ಬಳ್ಳಿ. ಊರಿಗೆ ಇಷ್ಟು ಅಂತ ಕಟ್ಟು ಮಾಡಿ, ಗಂಡಸರು ತಂದು ಹಾಕುವ ತನಕ ಹೆಂಗಸರನ್ನು ಕೂಡಿ ಹಾಕುತ್ತಿದ್ದರು. ಸಿಪಾಯಿಗಳು ಗುಂಡು ಸುಮ್ನೆ ಹಾಳು ಮಾಡಿಲ್ಲ ಅಂತ ತೋರಿಸೋಕೆ ಕತ್ತರಿಸಿದ ಕೈ ತರಬೇಕಿತ್ತು. ಗಂಡಸರೆಲ್ಲ ಕಾಡಿನಲ್ಲಿದ್ದರೆ ಹೊಲ ಮಾಡುವವರು ಯಾರು? ಬರ, ರೋಗ, ಎಲ್ಲ ಬೆನ್ನಿಗೇ ಬಂತು.

ಲೆಕ್ಕದಪುಸ್ತಕ:
ಇದು ಹೊರಗೆ ಬಿದ್ದ ರೀತಿ ನನಗೆ ಬಹಳ ಇಷ್ಟ. ಇ.ಡಿ. ಮೊರೆಲ್ ಅಂತ ಲಿವರ್‌ಪೂಲಿನ ಹಡಗು ಕಂಪನಿಯ ಗುಮಾಸ್ತ. ಆಂಟ್‌ವರ್ಪ್ ಬಂದರಿನಲ್ಲಿ ಅವನು ನೋಡಿದ್ದು ಇಷ್ಟೇ: ಕಾಂಗೋದಿಂದ ಹಡಗು ತುಂಬ ರಬ್ಬರು, ದಂತ ಬರುತ್ತಿದೆ. ಹೋಗುವಾಗ ಹೆಚ್ಚಾಗಿ ಬಂದೂಕು, ಮದ್ದುಗುಂಡು. ಕೊಂಡಿದ್ದರೆ ಬದಲಿಗೆ ಏನಾದರೂ ಸಾಮಾನು ಹೋಗಬೇಕಿತ್ತಲ್ವಾ? ಹಾಗಾದರೆ ಇದು ವ್ಯಾಪಾರ ಅಲ್ಲ, ಬಿಟ್ಟಿ ಚಾಕರಿ. ಜಮಾ ಖರ್ಚು ನೋಡಿಯೇ ಹಿಡಿದ. ಆಮೇಲೆ ಗಲಾಟೆ ಜೋರಾಗಿ 1908ರಲ್ಲಿ ರಾಜ ಅದನ್ನು ಬೆಲ್ಜಿಯಂ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು.

ಕಡ್ಡಿಪುಡಿ:
ಎಲ್ಲ ಸರಿ ಸ್ವಾಮಿ. ಆದರೆ ರೈಲು, ಶಾಲೆ, ಆಸ್ಪತ್ರೆ ಅವರೇ ಕಟ್ಟಿದ್ದಲ್ವಾ? ಅವರು ಹೋದ ಮೇಲೆ ಸರ್ವಾಧಿಕಾರಿಯಾದ ಮೊಬುಟು 32 ವರ್ಷ ದೋಚಿದನಲ್ಲ, ಅವನೇನು ಬಿಳಿಯನಾ? ತಮ್ಮ ಕೇಳಿದ್ದರಲ್ಲಿ ತಪ್ಪೇನಿದೆ?

ಹಳೇನಕ್ಷೆ:
ಮೊಬುಟು ಕಳ್ಳ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನು ಎಲ್ಲಿಂದ ಬಂದ? ಬೆಲ್ಜಿಯಂನವರ ಪಡೆಯಲ್ಲೇ ಸಾರ್ಜೆಂಟ್ ಆಗಿದ್ದವನು. ಮಟಾಡಿ ಬಂದರಿನ ರೈಲು 1898ರಲ್ಲಿ ಮುಗಿದಿದ್ದು ನದಿಯ ಅಬ್ಬಿಗಳನ್ನು ದಾಟಿಸಿ ಮಾಲು ಬಂದರಿಗೆ ಸಾಗಿಸೋಕೆ. ಪ್ರೈಮರಿ ಶಾಲೆ ಬೇಕಾದಷ್ಟಿದ್ದವು, ಒಪ್ಪಿದೆ. ಆದರೆ 1960ರ ಜೂನ್ 30ಕ್ಕೆ ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿ ಯೂನಿವರ್ಸಿಟಿ ಪದವೀಧರರು 30 ಜನ ಇರಲಿಲ್ಲ. ಸೈನ್ಯದಲ್ಲಿ ಕಾಂಗೋದವನು ಒಬ್ಬನೂ ಆಫೀಸರ್ ಅಲ್ಲ. ಒಂದು ವಾರದೊಳಗೆ ಸಿಪಾಯಿಗಳು ದಂಗೆ ಎದ್ದರು. ಜುಲೈ 11ಕ್ಕೆ ಗಣಿಗಳಿರುವ ಕಟಾಂಗಾ ಬೇರೆಯಾಯಿತು, ಅದರ ಬೆನ್ನಿಗೆ ನಿಂತಿದ್ದು ಬೆಲ್ಜಿಯಂ. 1961ರ ಜನವರಿಯಲ್ಲಿ ಪ್ರಧಾನಿಯಾಗಿದ್ದ ಲುಮುಂಬಾ ಅವರನ್ನು ಕೊಂದು, ಹೆಣ ಕೂಡ ಸಿಗದ ಹಾಗೆ ಆಸಿಡ್‌ನಲ್ಲಿ ಕರಗಿಸಿದರು. ಆ ಕೆಲಸ ಮಾಡಿದ ಬೆಲ್ಜಿಯಂ ಪೊಲೀಸ್ ಅಧಿಕಾರಿ ಇಟ್ಟುಕೊಂಡಿದ್ದ ಒಂದು ಹಲ್ಲು ಮಾತ್ರ 2022ರಲ್ಲಿ ಮನೆಯವರ ಕೈ ಸೇರಿತು.

ನೀಲಿಬಸ್ಸು:
ಹಲ್ಲಿನ ವಿಷಯ ಗೊತ್ತೇ ಇರಲಿಲ್ಲ. ಇದನ್ನೆಲ್ಲ ತಮ್ಮನಿಗೆ ಕಳಿಸಿದೆ. ಏರ್‌ಪೋರ್ಟಿನಿಂದ ಊರೊಳಗೆ ಬರುವ ದೊಡ್ಡ ರಸ್ತೆಗೆ ಲುಮುಂಬಾ ಹೆಸರೇ ಇದೆಯಂತೆ. "ಆ ಟ್ರಾಫಿಕ್ಕಿನಲ್ಲೇ ಸಿಕ್ಕಿಕೊಂಡಿದ್ದೀನಿ, ಮನೆಗೆ ಹೋಗಿ ಓದ್ತೀನಿ" ಅಂತ ಮೆಸೇಜ್ ಮಾಡಿದ್ದಾನೆ.