ರಿಪೀಟರ್‌ಗೆ ಧ್ವನಿ ಸಂದೇಶ ತುಂಬಿದವರು ಅನುಭವ ಹೇಳಿ

ಕೇಳಿದ್ದು, ಮಡಿಕೇರಿಯಿಂದ:
ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರ ಎರಡು ಮೀಟರ್ ಬ್ಯಾಂಡಿನ ರಿಪೀಟರ್, ಅಂದರೆ ಸಣ್ಣ ಸೆಟ್ಟುಗಳ ಮಾತನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಯಂತ್ರ, ಗುಡ್ಡದ ಮೇಲಿನ ತೋಟದ ಶೆಡ್ಡಿನಲ್ಲಿದೆ. ಕಂಟ್ರೋಲರ್ ಒಳಗೆ ಧ್ವನಿ ಹಿಡಿದಿಡುವ ಐಎಸ್‌ಡಿ 2560 ಚಿಪ್, ಒಟ್ಟು 60 ಸೆಕೆಂಡ್ ಜಾಗ. ಕೆಳಗೆ ಮನೆಯಲ್ಲೇ ನಿಂತು ಹ್ಯಾಂಡಿಯಲ್ಲಿ (ಕೈಯಲ್ಲಿ ಹಿಡಿಯುವ ಸೆಟ್ಟು) ಕೋಡ್ ಒತ್ತಿ ಕಾಲ್‌ಸೈನ್ (ನಿಲಯದ ಗುರುತಿನ ಹೆಸರು) ರೆಕಾರ್ಡ್ ಮಾಡಿದೆ. ಕೇಳಿದರೆ ಮೊದಲಕ್ಷರ ಮಾಯ, ಕೊನೆಗೆ ‘ಖರ್’ ಅನ್ನುತ್ತದೆ, ನಡುವಿನ ಮಾತು ಬಾವಿಯೊಳಗಿಂದ ಬಂದ ಹಾಗಿದೆ. ಜೂನ್ ಬಂದರೆ ಮೇಲಕ್ಕೆ ಜೀಪೂ ಹತ್ತಲ್ಲ. ಅಷ್ಟರೊಳಗೆ ಸರಿಮಾಡಬೇಕು. ನೀವೆಲ್ಲ ಹೇಗೆ ಮಾಡಿದ್ರಿ?

ಸುಂಟಿಕೊಪ್ಪದಿಂದ:
ಮೊದಲಕ್ಷರ ಹೋಗೋದಕ್ಕೆ ಚಿಪ್ಪನ್ನು ಬೈಯಬೇಡಿ. ರಿಪೀಟರ್ ಪ್ರಸಾರ ಶುರುಮಾಡಿ, ಕೇಳುವವರ ಸೆಟ್ಟು ಅದರ ಜೊತೆ ಬರುವ ಟೋನ್ ಗುರುತು ಹಿಡಿದು ಬಾಯಿ ಬಿಡಲು ಕಾಲು ಸೆಕೆಂಡಾದರೂ ಬೇಕು. ಹ್ಯಾಂಡಿಯಲ್ಲಿ ಬ್ಯಾಟರಿ ಸೇವ್ ಹಾಕಿದ್ದರೆ ಇನ್ನೂ ಕಷ್ಟ, ಅದು ತೂಕಡಿಸುತ್ತಾ ಆಗಾಗ ಕಣ್ಣು ಬಿಡುವ ಜಾತಿ. ಕೋಡ್ ಒತ್ತಿದ ಮೇಲೆ ಒಂದು ಸೆಕೆಂಡ್ ಸುಮ್ಮನಿದ್ದು ಮಾತು ಶುರುಮಾಡಿ. ನಾನು ‘ನಮಸ್ಕಾರ’ ಅಂತ ಮೊದಲು ಸೇರಿಸಿದೆ. ನುಂಗಿದರೆ ನಮಸ್ಕಾರವನ್ನೇ ನುಂಗಲಿ, ಕಾಲ್‌ಸೈನ್ ಉಳಿಯುತ್ತೆ.

‘ಖರ್’ ಅಂದರೆ ನೀವು ಪಿಟಿಟಿ (ಮಾತಾಡುವಾಗ ಒತ್ತುವ ಗುಂಡಿ) ಬಿಟ್ಟ ಮೇಲೆ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಅಡಗಿಸುವ ಬಾಗಿಲು) ಮುಚ್ಚುವವರೆಗಿನ ಗದ್ದಲ. ಅದೂ ಚಿಪ್ಪಿಗೆ ಹೋಗಿ ಕೂತಿದೆ. ನಮ್ಮದರಲ್ಲಿ ಪಿಟಿಟಿ ಬಿಡುವ ಮೊದಲೇ ಹ್ಯಾಶ್ ಒತ್ತಿದರೆ ರೆಕಾರ್ಡಿಂಗ್ ಅಲ್ಲಿಗೇ ನಿಲ್ಲುತ್ತದೆ. ಕೀಲಿಯ ಚೂರು ಪೀಪ್ ಉಳಿಯುತ್ತೆ, ಆದರೆ ಖರ್‌ಗಿಂತ ವಾಸಿ.

ವಿರಾಜಪೇಟೆಯಿಂದ:
ಬಾವಿಯ ಸದ್ದಿಗೆ ಮೊದಲು ಒಂದು ಪರೀಕ್ಷೆ ಮಾಡಿ. ರಿಪೀಟರ್ ಮೂಲಕ ಬೇರೆಯವರು ಮಾತಾಡುವಾಗಲೂ ಮಂಕಾಗಿಯೇ ಇದೆಯಾ? ಹಾಗಿದ್ದರೆ ರಿಸೀವರಿನ ಸ್ಪೀಕರ್ ಕಡೆಯಿಂದ ತೆಗೆದ ಆಡಿಯೋವನ್ನು ಟ್ರಾನ್ಸ್‌ಮಿಟರಿನ ನೇರ ಇನ್‌ಪುಟ್‌ಗೆ ಕೊಟ್ಟಿರಬಹುದು. ತೀಕ್ಷ್ಣ ಸ್ವರಗಳನ್ನು ಒಮ್ಮೆ ಇಲ್ಲಿ ತಗ್ಗಿಸಿ, ಕೇಳುವವರ ಸೆಟ್ಟಿನಲ್ಲಿ ಇನ್ನೊಮ್ಮೆ ತಗ್ಗಿಸಿದಂತಾಗುತ್ತದೆ. ಜನರ ಮಾತು ಚೆನ್ನಾಗಿದ್ದು ಸಂದೇಶ ಮಾತ್ರ ಮಂಕಾದರೆ ಚಿಪ್ಪಿನಿಂದ ಹೊರಬರುವ ದಾರಿ ನೋಡಿ.

ಇದೇ ಸರಣಿಯ 25120 ಚಿಪ್ಪು 120 ಸೆಕೆಂಡ್ ಹಿಡಿಯುತ್ತೆ ಅಂತ ಆಸೆಗೆ ಬಿದ್ದು ಹಾಕಿದವನು ನಾನು. ಅದು 1.7 ಕಿಲೋಹರ್ಟ್ಸ್‌ವರೆಗೆ ಮಾತ್ರ ದಾಟಿಸುತ್ತೆ, ನಿಮ್ಮ 2560 ಆದರೆ 3.4ರವರೆಗೆ. ಸಕಾರ ಶಕಾರ ಎರಡೂ ಸತ್ತವು. ‘ಶನಿವಾರಸಂತೆ’ ಅಂದರೆ ‘ಅನಿವಾರ ಅಂತೆ’ ಅಂತ ಕೇಳಿ ಒಂದು ತಿಂಗಳು ನಗೆಪಾಟಲಾದೆ. ಹಳೇ ಚಿಪ್ಪೇ ಇರಲಿ.

ಇನ್ನೊಂದು, ಶೀಟಿನ ಮಾಡಿನ ಕೆಳಗೆ ಮಳೆ ಬರುವಾಗ ರೆಕಾರ್ಡ್ ಮಾಡಬೇಡಿ. ನಾನು ಕಾರು ನಿಲ್ಲಿಸಿ, ಗಾಜು ಏರಿಸಿ, ಅದರೊಳಗೆ ಕೂತು ಮಾಡುತ್ತೇನೆ. ಅದಕ್ಕಿಂತ ಒಳ್ಳೇ ಸ್ಟುಡಿಯೋ ನಮ್ಮೂರಲ್ಲಿಲ್ಲ.

ಕುಶಾಲನಗರದಿಂದ:
ನಾವು ಚಿಪ್ಪಿನ ಸಹವಾಸ ಬಿಟ್ಟು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಎಸ್‌ವಿಎಕ್ಸ್‌ಲಿಂಕ್ ಎಂಬ ರಿಪೀಟರ್ ಸಾಫ್ಟ್‌ವೇರ್ ಓಡಿಸುತ್ತಿದ್ದೇವೆ. ಸಂದೇಶವೆಂದರೆ ಬರೀ ವೇವ್ ಫೈಲು, ಮೋನೋ, 16 ಕಿಲೋಹರ್ಟ್ಸ್. ಮೊಬೈಲಲ್ಲಿ ರೆಕಾರ್ಡ್ ಮಾಡಿ, ಕಂಪ್ಯೂಟರಲ್ಲಿ ಹಿಂದುಮುಂದು ಕತ್ತರಿಸಿ, ಮನೆಯಿಂದಲೇ ಕಳಿಸಬಹುದು, ಗುಡ್ಡದಲ್ಲಿ ಇಂಟರ್ನೆಟ್ ಇದ್ದರೆ.

ನನಗೆ ಸುಸ್ತು ಮಾಡಿದ್ದು ಗಂಟೆ ಹೇಳಿಸುವ ಕೆಲಸ. ಇಂಗ್ಲಿಷಿಗೆ ಬರೆದ ಸ್ಕ್ರಿಪ್ಟು ಇಪ್ಪತ್ತರ ಫೈಲಿಗೆ ಒಂದರ ಫೈಲು ಅಂಟಿಸಿ ಇಪ್ಪತ್ತೊಂದು ಮಾಡುತ್ತದೆ. ಕನ್ನಡದಲ್ಲಿ ಅದು ‘ಇಪ್ಪತ್ತು... ಒಂದು’ ಅಂತ ಸಂತೆಯ ಲೆಕ್ಕದ ಹಾಗೆ ಬಂತು. ಸಂಧಿ ಆಗುವ ಭಾಷೆಗೆ ತುಂಡು ಜೋಡಣೆ ಒಗ್ಗುವುದಿಲ್ಲ. ಕೊನೆಗೆ ಒಂದರಿಂದ ಐವತ್ತೊಂಬತ್ತರವರೆಗೆ ಪ್ರತಿ ಅಂಕಿಯನ್ನೂ ಬೇರೆ ಬೇರೆ ಹೇಳಿಸಿದೆ. ಅತ್ತಿಗೆ ಮೂವತ್ತೇಳಕ್ಕೆ ಬರುವಷ್ಟರಲ್ಲಿ ‘ಇನ್ನೆಷ್ಟಿದೆ ಮಾರಾಯ’ ಅಂದರು. ಆ ‘ಮಾರಾಯ’ ಈಗಲೂ ಮೂವತ್ತೇಳರ ಬಾಲದಲ್ಲಿದೆ.

ಗೋಣಿಕೊಪ್ಪದಿಂದ:
ರೆಕಾರ್ಡ್ ಮಾಡುವುದನ್ನು ಎಲ್ಲರೂ ಹೇಳಿದಿರಿ, ಅಳಿಸುವುದನ್ನು ಯಾರೂ ಹೇಳಲಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದ ಮೇಲೆ ನಮ್ಮಲ್ಲಿ ಮಳೆ ಎಚ್ಚರಿಕೆಯನ್ನು ಹಗುರವಾಗಿ ಕೇಳುವವರಿಲ್ಲ. ಹಾಗಿರುವಾಗ ಒಂದು ವರ್ಷ ‘ಇಂದು ರೆಡ್ ಅಲರ್ಟ್, ತುರ್ತಿಗೆ 1077’ ಅಂತ ತುಂಬಿಸಿದವರು ಊರಿಗೆ ಹೋದರು. ಬಿಸಿಲು ಬಂದು ನಾಲ್ಕು ದಿನವಾದರೂ ರಿಪೀಟರ್ ಅದನ್ನೇ ಕೂಗುತ್ತಿತ್ತು. ಐದನೇ ದಿನಕ್ಕೆ ನಮ್ಮವರೇ ಕಿವಿ ಮುಚ್ಚಿಕೊಂಡರು. ನಿಜವಾದ ಅಲರ್ಟ್ ಬಂದಿದ್ದರೆ ಅದನ್ನೂ ಹಳೆಯದೇ ಅಂದುಕೊಳ್ಳುತ್ತಿದ್ದರು.

ಈಗ ಎಚ್ಚರಿಕೆಯ ಸಂದೇಶದಲ್ಲಿ ‘ಇಂದು’ ಅನ್ನುವ ಪದವೇ ಇಲ್ಲ, ತಾರೀಕನ್ನೇ ಹೇಳುತ್ತೇವೆ. ಚಿಪ್ಪಿನ ಯಾವ ಜಾಗದಲ್ಲಿ ಏನಿದೆ, ಎಷ್ಟು ಸೆಕೆಂಡ್, ಅಳಿಸುವ ದಿನ, ಅಳಿಸುವವರ ಹೆಸರು ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ. ತುಂಬಿಸಿದವರೇ ಅಳಿಸಬೇಕು, ಊರಿಗೆ ಹೋಗುವುದಿದ್ದರೆ ಇನ್ನೊಬ್ಬರಿಗೆ ವಹಿಸಿ ಹೋಗಬೇಕು. ಕಾಲ್‌ಸೈನ್ ಇರುವ ಜಾಗಕ್ಕೆ ಮಾತ್ರ ಕೈ ಹಾಕುವಂತಿಲ್ಲ. ಮತ್ತೆ ಹುತ್ತರಿ ಹಬ್ಬಕ್ಕೆ ಹಾಡು ತುಂಬಿಸಿ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹವ್ಯಾಸಿ ಬ್ಯಾಂಡಿನಲ್ಲಿ ಸಂಗೀತ ಕೂಡದು ಅಂತ ಆಗಲೇ ಹೇಳಿಬಿಡಿ.

ಕೋಡ್ ವಿಷಯ: ನಾವು ಶುರುವಿನಲ್ಲಿ 571201 ಇಟ್ಟಿದ್ದೆವು. ಮಡಿಕೇರಿಯ ಪಿನ್‌ಕೋಡು! ಯಾರೋ ಹುಡುಗರು ಎರಡೇ ದಿನಕ್ಕೆ ಕಂಡುಹಿಡಿದು ಕಾಲ್‌ಸೈನ್ ಜಾಗದಲ್ಲಿ ಕೆಮ್ಮಿ ಹೋದರು. ಗಾಳಿಯಲ್ಲಿ ಒತ್ತಿದ ಡಿಟಿಎಂಎಫ್ (ಕೀಲಿಗಳ ಪೀಪ್ ಸದ್ದು) ಎಲ್ಲರಿಗೂ ಕೇಳುತ್ತೆ. ಆದಷ್ಟು ಕೋಡಿಗೆಂದೇ ಇರುವ ಬೇರೆ ಬ್ಯಾಂಡಿನ (ಯುಎಚ್‌ಎಫ್) ಕಂಟ್ರೋಲ್ ಕಡೆಯಿಂದಲೇ ಒತ್ತಿ.

ಮಡಿಕೇರಿಯಿಂದ ಮತ್ತೆ:
ಕಾರಲ್ಲಿ ಕೂತು ಅದರ ಹ್ಯಾಮ್ ಸೆಟ್ಟಿನಿಂದ ಮಾಡಿದೆ, ‘ನಮಸ್ಕಾರ’ ಸೇರಿಸಿ, ಕೊನೆಗೆ ಹ್ಯಾಶ್ ಒತ್ತಿ. ಖರ್ ಹೋಯಿತು, ಮಾತು ಸ್ಪಷ್ಟ. ಜನರ ಮಾತು ಮೊದಲಿನಿಂದಲೂ ಚೆನ್ನಾಗೇ ಇತ್ತು, ಹಾಗಾಗಿ ವೈರಿಂಗ್ ಮುಟ್ಟಲಿಲ್ಲ. ಹ್ಯಾಂಡಿಯ ಸಿಗ್ನಲ್ಲೇ ಬಡವಾಗಿತ್ತು ಅಂತ ಕಾಣುತ್ತೆ. ನೋಟ್‌ಬುಕ್ಕೂ ತಂದಾಯಿತು. ಆದರೆ ನಿನ್ನೆ ಸಿಡಿಲಿಗೆ ಕರೆಂಟ್ ಹೋಗಿ ಬಂದ ಮೇಲೆ, ರಾತ್ರಿ ಎಂಟರ ನೆಟ್ (ಹ್ಯಾಮ್‌ಗಳು ಗಾಳಿಯಲ್ಲಿ ಸೇರುವ ಕೂಟ) ಸಂದೇಶ ಬೆಳಗಿನ ಜಾವ ಮೂರಕ್ಕೆ ಕೂಗಿತು. ಸಂದೇಶ ಉಳಿದು ಸಮಯ ಮಾತ್ರ ಹೇಗೆ ತಪ್ಪುತ್ತೆ?

ಸುಂಟಿಕೊಪ್ಪದಿಂದ:
ಐಎಸ್‌ಡಿಗೆ ಕರೆಂಟ್ ಹೋದರೂ ನೆನಪಿರುತ್ತೆ, ಗಡಿಯಾರಕ್ಕೆ ಇರಲ್ಲ. ಬೋರ್ಡಿನ ಮೇಲಿನ ಗುಂಡಿ ಸೆಲ್ಲು ಸತ್ತಿರುತ್ತೆ. ಸಿಆರ್ 2032 ಒಂದು ಜೇಬಿಗೆ ಹಾಕಿಕೊಂಡು ಈ ಭಾನುವಾರವೇ ಹತ್ತಿ, ಜಿಗಣೆ ಏಳುವ ಮೊದಲು.